ಕೆಂಪು ಗುರುತು ಅಳಿಸಿದ ಬೆರಳು

ಬೆಳಗಿನ ಐದೂವರೆ. ತುಂಗಭದ್ರೆಯ ಕಡೆಯಿಂದ ಬರುವ ಗಾಳಿಗೆ ಇನ್ನೂ ನಿದ್ದೆಗಣ್ಣು. ಶಾಲೆಯ ಅಡುಗೆಕೋಣೆಯ ಬೀಗ ತೆಗೆದ ನಾಗಲಿಂಗಮ್ಮ ಮೊದಲು ಒಲೆ ಹಚ್ಚುವುದಿಲ್ಲ. ಹದಿನೈದು ಕೆಜಿಯ ಖಾಲಿ ಎಣ್ಣೆ ಡಬ್ಬಿಯೊಂದನ್ನು ಎತ್ತಿ ತಂದು ಹೊರಗಿನ ಕಟ್ಟೆಯ ಮೇಲೆ, ಮೊಬೈಲ್ ಟವರಿನ ದಿಕ್ಕಿಗೆ ಮುಖ ಮಾಡಿ ಇಡುತ್ತಾರೆ. ಅದರ ಮುಂದೆ ಚೀಲ ಹಾಸುತ್ತಾರೆ. ಬಳಿಕ ಮೂರು ಹೆಜ್ಜೆ ಹಿಂದೆ ಸರಿದು, ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಲ್ಲುತ್ತಾರೆ.

ಕುರಿಹಟ್ಟಿಯ ಕಡೆಯಿಂದ ಚಂದನಾ ಬರುತ್ತಾಳೆ. ವಯಸ್ಸು ಹದಿನೆಂಟು, ಮೈಮೇಲೆ ಅಪ್ಪನ ಸ್ವೆಟರ್, ಕಂಕುಳಲ್ಲಿ ನೋಟ್‌ಬುಕ್ಕು, ಬಲಗೈಗೆ ಮಾಸಿದ ಹಳದಿ ದಾರ. ತನ್ನ ಫೋನನ್ನು ತಾನೇ ಡಬ್ಬಿಗೆ ಒರಗಿಸುತ್ತಾಳೆ. ಅದು ಒಮ್ಮೆ ಜಾರುತ್ತದೆ. ಹಿಡಿಯಲು ನಾಗಲಿಂಗಮ್ಮನ ಕೈ ಸೆರಗಿನೊಳಗೇ ಮಿಸುಕುತ್ತದೆ, ಹೊರಗೆ ಬರುವುದಿಲ್ಲ.

"ಹಿಡೀಬೋದಿತ್ತಲ್ಲ ನಾಗಕ್ಕ, ಬಿದ್ದು ಒಡದಿದ್ರ?" ಅನ್ನುತ್ತಾಳೆ ಹುಡುಗಿ.

"ನಿನ್ನ ಫೋನು ನೀನ ಹಿಡ್ಕ. ಒಮ್ಮಿ ಹಿಡದು ಸಾಕಾಗೈತಿ ನನಗ."

ಇವತ್ತು ಚಂದನಾಗೆ ಬಾಯಿಪರೀಕ್ಷೆ. ಪರದೆಯ ಆ ಬದಿಯಲ್ಲಿ, ಕೊಟ್ಟೂರಿನ ತಮ್ಮ ಮನೆಯಲ್ಲಿ ಕುಳಿತ ನಿವೃತ್ತ ಗಣಿತ ಶಿಕ್ಷಕ ಗಂಗಾಧರ್ ಮೇಷ್ಟ್ರು ಹತ್ತು ಪ್ರಶ್ನೆ ಕೇಳುತ್ತಾರೆ. ಆರಕ್ಕೆ ಸರಿಯುತ್ತರ ಕೊಟ್ಟವರ ಹೆಸರನ್ನು ಈ ಸಲದ ಮುಕ್ತ ಶಾಲೆಯ ಹನ್ನೆರಡನೇ ತರಗತಿ ಪರೀಕ್ಷೆಗೆ ಕಳಿಸುತ್ತಾರೆ. ಉಳಿದವರು ಇನ್ನಾರು ತಿಂಗಳು ಕಾಯಬೇಕು. ಚಂದನಾಗೆ ಆ ಆರು ತಿಂಗಳಿಲ್ಲ. ದೀಪಾವಳಿ ಕಳೆದ ಮೇಲೆ ಅವರ ಹಿಂಡು ಮೇವು ಹುಡುಕಿಕೊಂಡು ಹೊರಡುತ್ತದೆ. ಈ ಸಲ ಪರೀಕ್ಷೆಗೆ ಹೆಸರು ಹೋಗದಿದ್ದರೆ ಅವಳೂ ಹಿಂಡಿನ ಹಿಂದೆ ನಡೆಯಬೇಕೆಂದು ಅಪ್ಪ ಬೀರಲಿಂಗೇಶ್ ಹೇಳಿಬಿಟ್ಟಿದ್ದಾರೆ. ಅವಳಿಗೆ ಆಗಬೇಕಿರುವುದು ಲ್ಯಾಬ್ ಟೆಕ್ನಿಷಿಯನ್, ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು.

ಅವಳ ಎದೆ ಹೊಡೆದುಕೊಳ್ಳುವುದು ಸಹಜ. ಬೇಳೆಯಲ್ಲಿ ಕಲ್ಲು ಆರಿಸುವ ನೆವದಲ್ಲಿ ಒಳಗೆ ಹೋದ ನಾಗಲಿಂಗಮ್ಮನ ಎದೆ ಅದಕ್ಕಿಂತ ಜೋರಾಗಿ ಹೊಡೆದುಕೊಳ್ಳುತ್ತಿದೆ. ಯಾಕೆಂಬುದನ್ನು ಪತ್ರಿಕೆಗೆ ಅವರೇ ಹೇಳಲಿ.

"ಹೊಗಳಿ ಬರಿಯಂಗಿದ್ರ ಬ್ಯಾಡ್ರಿ. ಮಾಡಿದ್ದನ್ನ ಬರಿಯಂಗಿದ್ರ ಕುಂದರ್ರಿ. ಊರ ಹೆಸರು ಬ್ಯಾಡ, ಸಾಲಿ ಹೆಸರು ಬ್ಯಾಡ, ಅವ್ರದೇನೂ ತಪ್ಪಿಲ್ಲ. ನನ್ನ ಹೆಸರು ಬರೀರಿ."

ಹಾಗಾಗಿ ಊರು ಯಾವುದೆಂದು ಕೇಳಬಾರದು. ಹರಪನಹಳ್ಳಿ ತಾಲ್ಲೂಕಿನಲ್ಲಿ, ಹಲವಾಗಲಿನಿಂದ ಅಷ್ಟೇನೂ ದೂರವಿಲ್ಲದ ಹೊಳೆದಂಡೆಯ ಒಂದು ಹಳ್ಳಿ ಅಂದರೆ ಸಾಕು. ನಾಗಲಿಂಗಮ್ಮನಿಗೆ ನಲವತ್ತಾರು. ಎಸ್ಸೆಸ್ಸೆಲ್ಸಿ ಪಾಸು. ಗಂಡ ತೀರಿದ ವರ್ಷವೇ ಬಿಸಿಯೂಟದ ಅಡುಗೆಗೆ ಸೇರಿದವರಿಗೆ ಇದು ಹದಿನೇಳನೇ ವರ್ಷ. ಮಗಳು ಸುಕನ್ಯಾ ದಾವಣಗೆರೆಯಲ್ಲಿದ್ದಾಳೆ. ಶಾಲೆಯಲ್ಲಿ ಈಗ ನೂರ ಹನ್ನೆರಡು ಮಕ್ಕಳು. ಬೆಳಿಗ್ಗೆ ಎರಡು ಕೆಜಿ ಪುಡಿಯ ಹಾಲು ಕದಡಬೇಕು, ಗಂಟು ನಿಲ್ಲಬಾರದು. ಮಧ್ಯಾಹ್ನಕ್ಕೆ ಹದಿನಾಲ್ಕು ಕೆಜಿ ಅಕ್ಕಿ, ಅದಕ್ಕೆ ತಕ್ಕ ಬೇಳೆ, ತರಕಾರಿ. ಮೊಟ್ಟೆಯ ದಿನ ನೂರಕ್ಕೂ ಹೆಚ್ಚು ಮೊಟ್ಟೆ ಸುಲಿದು ಉಗುರಿನ ಸಂದಿಯೆಲ್ಲ ಉರಿ. ಜೊತೆಗೆ ಕೆಲಸ ಮಾಡುವ ಕೊಟ್ರಬಸಮ್ಮ ನಗುತ್ತಾ ಒಂದು ಮಾತು ಹೇಳುತ್ತಾರೆ. "ನಾಗಕ್ಕನ ಕೈಯಾಗ ಸಾರು ಎಂದೂ ಕೆಟ್ಟಿಲ್ರಿ. ನಾನು ಉಪ್ಪು ಹೆಚ್ಚು ಹಾಕಿದ್ರೂ ಬಡಿಸೋವಷ್ಟೊತ್ತಿಗಿ ಸರಿ ಆಗಿರತೈತಿ. ನನಗ ಬೈಯೋದಿಲ್ಲ, ಹೇಳೋದೂ ಇಲ್ಲ. ಹಿಂಗಾಗಿ ನಾನು ಇನ್ನೂ ಉಪ್ಪು ಹಾಕದು ಕಲ್ತಿಲ್ಲ ನೋಡ್ರಿ."

ಕೊಟ್ರಬಸಮ್ಮ ಇದನ್ನು ತಮಾಷೆಗೆ ಅಂದದ್ದು. ಕೇಳಿದ ನಾಗಲಿಂಗಮ್ಮ ಮಾತ್ರ ತಲೆ ಎತ್ತದೆ ಮೊರದೊಳಗಿನ ಬೇಳೆ ಆರಿಸುತ್ತಾರೆ. ಅವರು ಮಾಡಿದ ತಪ್ಪೂ ಇದೇ.

ಅಜ್ಜಿ ಹೇಳುವ ಕತೆಗಳಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆ, ಗಿಳಿಯೊಂದರ ಕೊರಳಲ್ಲಿ ಇರುತ್ತದೆ. ಕೊರೊನಾದ ವರ್ಷ ಈ ಊರಿನ ಎಂಟನೇ ತರಗತಿಯ ಜೀವ ಒಂದು ಹಳೆಯ ಟಚ್ ಫೋನಿನಲ್ಲಿತ್ತು. ಮೊಮ್ಮಗುವಿನ ಮುಖ ನೋಡಿಕೊಳ್ಳಲೆಂದು ಸುಕನ್ಯಾ ತಾಯಿಗೆ ಕೊಟ್ಟಿದ್ದ ಫೋನು. ಶಾಲೆ ಮುಚ್ಚಿತ್ತು, ಒಲೆ ಆರಿತ್ತು. ತರಗತಿಯಲ್ಲಿದ್ದ ಇಪ್ಪತ್ಮೂರು ಮಕ್ಕಳಲ್ಲಿ ಮನೆಯಲ್ಲಿ ದೊಡ್ಡ ಫೋನು ಇದ್ದವರು ಯಾರೂ ಇಲ್ಲ. ಸಿಗ್ನಲ್ ನಿಲ್ಲುತ್ತಿದ್ದುದು ಅಡುಗೆಕೋಣೆಯ ಕಟ್ಟೆಯ ಮೇಲೆ ಮಾತ್ರ. ಪಾಠದ ವಿಡಿಯೊಗಳು ವಾಟ್ಸಾಪಿಗೆ ಬರುತ್ತಿದ್ದವು, ಶನಿವಾರಕ್ಕೊಮ್ಮೆ ಇಪ್ಪತ್ತೈದು ಪ್ರಶ್ನೆಗಳ ಪರೀಕ್ಷೆ. ನಾಲ್ಕು ಉತ್ತರಗಳಲ್ಲಿ ಒಂದನ್ನು ಒತ್ತಬೇಕು. "ಒಂದು ಮಗೂನೂ ಬಿಟ್ಟುಹೋಗಬಾರದು, ನೀವೇ ಸ್ವಲ್ಪ ನೋಡಿಕೊಳ್ಳಿ" ಎಂದು ಹೆಡ್‌ಮೇಷ್ಟ್ರು ಫೋನಿನಲ್ಲಿ ಕೇಳಿಕೊಂಡಿದ್ದರು. ಅಡುಗೆಗೆ ಸೇರಿದಂದಿನಿಂದ ಒಂದು ಮಗುವನ್ನೂ ಉಪವಾಸ ಕಳಿಸದ ಹೆಂಗಸು ಆ ಮಾತನ್ನು ತಲೆಯ ಮೇಲೆ ಹೊತ್ತುಕೊಂಡರು.

ಮೊದಲ ವಾರ ಎಲ್ಲರೂ ಬಂದರು. ಆಮೇಲೆ ಮೆಕ್ಕೆಜೋಳದ ಕಳೆ ಬಂತು, ಕುರಿ ಹೊರಟವು. ಕಟ್ಟೆಗೆ ಬಂದು ತಮ್ಮ ಬೆರಳಿನಿಂದಲೇ ಒತ್ತುವವರು ಆರು ಮಂದಿ ಉಳಿದರು. ಹೊಲ ಮತ್ತು ಹಿಂಡಿನ ಜೊತೆಗಿದ್ದ ಉಳಿದ ಹದಿನೇಳು ಮಕ್ಕಳಿಗೆ ನಾಗಲಿಂಗಮ್ಮನೇ ಅವರ ಅಪ್ಪಂದಿರ ಗುಂಡಿ ಫೋನಿಗೆ ಕರೆ ಮಾಡುತ್ತಿದ್ದರು. ಪ್ರಶ್ನೆ ಓದಿ ಹೇಳುವುದು, ಆ ಕಡೆಯಿಂದ ಮಗು ಉತ್ತರ ಹೇಳುವುದು, ಇವರು ಒತ್ತುವುದು. ಒಂದು ಶನಿವಾರ ಮುಗಿಯುವಷ್ಟರಲ್ಲಿ ಗಂಟಲು ಕಟ್ಟುತ್ತಿತ್ತು. ಇಷ್ಟಾದರೆ ಇದು ನಿಜಕ್ಕೂ ಹೊಗಳುವ ಕತೆಯೇ ಆಗುತ್ತಿತ್ತು.

"ತಪ್ಪು ಒತ್ತಿದ್ರ ಕೆಂಪು ಗುರುತು ಬರ್ತಿತ್ರಿ, ಸರಿಯಾದದ್ದು ಹಸ್ರು. ಆರು ಹುಡುಗ್ರು ಮೊದ್ಲ ಬರದು ಹೋಗೋರು. ಹಸ್ರು ಯಾವ್ದು ಅಂತ ನನಗ ಗೊತ್ತಾಗೋದು. ಗ್ವಾಡಿ ಮ್ಯಾಲ ಸೀಮಿಸುಣ್ಣದಾಗ ಬರಕೊಂಡೆ. ಇವತ್ತಿನ ಊಟ ಅಂತ ಬರಿತೀವಲ್ಲ, ಅದ ಗ್ವಾಡಿ. ಚಂದನಾ ಆ ಕಡಿಂದ 'ಎ' ಅನ್ನೋಳು. ಗ್ವಾಡಿ ಮ್ಯಾಲ 'ಸಿ' ಇರೋದು. ಕುರಿ ಹಿಂದ ಬಿಸಲಾಗ ನಿಂತ ಹುಡುಗಿ, ಕೆಂಪು ಯಾಕ ಬರಬೇಕು ಅಂತ 'ಸಿ' ಒತ್ತಿದೆ. ಉಪ್ಪು ಕಮ್ಮಿ ಇದ್ರ ಬಡಿಸೋಕಿಂತ ಮೊದ್ಲ ಹಾಕ್ತೀವಲ್ರಿ, ಅಷ್ಟ ಅನ್ಕಂಡಿದ್ದೆ."

ಹದಿನೇಳೂ ಮಕ್ಕಳಿಗೆ, ಪ್ರತಿ ಶನಿವಾರವೂ, ಇಪ್ಪತ್ತೈದಕ್ಕೆ ಇಪ್ಪತ್ತೈದು. ಮಕ್ಕಳಿಗೂ ಗೊತ್ತಿಲ್ಲ, ಶಾಲೆಯ ಮೇಷ್ಟ್ರಿಗೂ ಗೊತ್ತಿಲ್ಲ. ಕೆಂಪು ಬಂದವರಿಗೆ ಆ ಮೇಷ್ಟ್ರು ಭಾನುವಾರ ಖುದ್ದು ಫೋನ್ ಮಾಡಿ ಅರ್ಧ ಗಂಟೆ ಬಿಡಿಸಿ ಹೇಳುತ್ತಿದ್ದರು ಎಂಬುದು ನಾಗಲಿಂಗಮ್ಮನಿಗೆ ತಿಳಿದದ್ದು ವರ್ಷಗಳ ಮೇಲೆ. ಹಸಿರು ಬಂದವರಿಗೆ ಆ ಕರೆ ಹೋಗಲೇ ಇಲ್ಲ. ಕಟ್ಟೆಗೆ ಬರುತ್ತಿದ್ದ ಆ ಆರು ಮಂದಿಯಲ್ಲಿ ಒಬ್ಬನಾಗಿ, ವಾರವಾರ ಒಂಬತ್ತು, ಹನ್ನೊಂದು ತೆಗೆದು ಬೈಸಿಕೊಂಡ ಮೌನೇಶ್ ಇವತ್ತು ಹಗರಿಬೊಮ್ಮನಹಳ್ಳಿಯಲ್ಲಿ ಡಿಪ್ಲೊಮಾ ಓದುತ್ತಿದ್ದಾನೆ.

ಶಾಲೆ ತೆರೆದ ಮೇಲೆ, ಆನ್‌ಲೈನ್ ಪಾಠಕ್ಕೆ ದುಡಿದರೆಂದು ಊರವರು ನಾಗಲಿಂಗಮ್ಮನಿಗೆ ಶಾಲು ಹೊದಿಸಿದರು. ಅದನ್ನು ತೋರಿಸಿ ಅಂದರೆ ತೋರಿಸುವುದಿಲ್ಲ. "ಟ್ರಂಕಿನ ತಳದಾಗೈತಿ. ನುಸಿ ತಿನ್ಲಿ ಅಂತ ಡಾಂಬರ ಗುಳಗಿ ಸೈತ ಹಾಕಿಲ್ಲ."

ಚಂದನಾ ಹೈಸ್ಕೂಲನ್ನು ಹೇಗೋ ದಾಟಿದಳು, ಎಸ್ಸೆಸ್ಸೆಲ್ಸಿಯಲ್ಲಿ ಅಂಚಿನ ಅಂಕ. ಆದರೂ ವಿಜ್ಞಾನವನ್ನೇ ತೆಗೆದುಕೊಂಡಳು. ಎಂಟನೇ ತರಗತಿಯಲ್ಲಿ ಪೂರ್ತಿ ಅಂಕ ತೆಗೆದ ಹುಡುಗಿ ಬೇರೆ ಏನು ತೆಗೆದುಕೊಂಡಾಳು? ಹರಪನಹಳ್ಳಿಯಲ್ಲಿ ಮೊದಲ ಪಿಯುಸಿಗೆ ಸೇರಿ, ದಿನಾ ಬಸ್ಸಿನಲ್ಲಿ ಹೋಗಿ ಬಂದು, ಗಣಿತದಲ್ಲೂ ಭೌತಶಾಸ್ತ್ರದಲ್ಲೂ ನಪಾಸಾದಳು. ಪುಸ್ತಕ ಕಟ್ಟಿಟ್ಟು ಒಂದು ವರ್ಷ ಹಿಂಡಿನ ಹಿಂದೆ ತಿರುಗಿದಳು.

ಈ ವರ್ಷದ ಬೇಸಿಗೆಯಲ್ಲಿ ಒಂದು ದಿನ ಅವಳ ಅಜ್ಜ ಪಾಲಾಕ್ಷಪ್ಪ ಶಾಲೆಯ ಕಡೆ ಬಂದವರು ಅಡುಗೆಕೋಣೆಯ ನೆರಳಿಗೆ ಕುಳಿತರು. ಜೊತೆಯಲ್ಲಿ ಚಂದನಾ. ಕೈಯಲ್ಲಿ ಹೊಸ ಹಳದಿ ದಾರ.

"ಯಾವ ಗುಡಿಗೆ ಹೋಗಿದ್ದಿ ಮಾವ?" ಎಂದು ನಾಗಲಿಂಗಮ್ಮ ಕೇಳಿದರು.

"ಬೀರಪ್ಪನ ಗುಡಿಗಿ. ಕೂಸಿನ ತಲಿ ಸರಿ ಆಗ್ಲಿ ಅಂತ ಕಟ್ಟಿಸ್ಕಂಬಂದೆ. ಎಂಟನೇ ಕ್ಲಾಸಿನ್ಯಾಗ ಎಂಥಾ ಶಾಣ್ಯಾ ಇದ್ಲು, ನಿನಗ ಗೊತ್ತೈತಲ್ಲವ್ವ, ನಿನ್ನ ಫೋನಿನ್ಯಾಗ ಬರಿತಿದ್ಲು. ಯಾರ ಕಣ್ಣು ಬಿತ್ತೋ ಏನೋ, ತಲಿ ಮಂಕಾಗಿಬಿಡ್ತು."

ಚಂದನಾ ನೆಲ ನೋಡುತ್ತಾ ಅಂದಳು: "ನನಗೂ ಹಂಗ ಅನ್ಸತೈತಿ ನಾಗಕ್ಕ. ಆಗ ಎಲ್ಲಾ ಬರ್ತಿತ್ತು. ಈಗ ಏನೂ ಬರಂಗಿಲ್ಲ."

ನಾಗಲಿಂಗಮ್ಮ ಒಳಗೆ ಹೋಗಿ ನೀರಿನ ತಂಬಿಗೆ ತಂದು ಕೊಟ್ಟರು. ಬಾಯಿ ಬಿಡಲಿಲ್ಲ. ಆ ದಿನವೂ ಬಿಡಲಿಲ್ಲ, ಮರುದಿನವೂ ಬಿಡಲಿಲ್ಲ. ಇಪ್ಪತ್ತು ದಿನ ಆ ದಾರ ಕಣ್ಣಿಗೆ ಕಟ್ಟಿಕೊಂಡೇ ಇತ್ತು ಎನ್ನುತ್ತಾರೆ. ಅನ್ನ ಬಸಿಯುವಾಗ ಗಂಜಿಯ ನೀರು ಕಾಲಿನ ಮೇಲೆ ಬಿದ್ದು ಬೊಬ್ಬೆ ಎದ್ದದ್ದೂ ಅದೇ ದಿನಗಳಲ್ಲಿ. "ಬೊಬ್ಬಿ ಎದ್ದಾಗ ಸಮಾಧಾನ ಆತ್ರಿ. ಇಷ್ಟಾದ್ರೂ ಆಗ್ಲಿ ಅಂತ."

ಇಪ್ಪತ್ತೊಂದನೇ ದಿನ ಹಟ್ಟಿಗೆ ಹೋಗಿ, ಅಜ್ಜನ ಎದುರಿಗೇ, ನಿಂತುಕೊಂಡೇ ಹೇಳಿದರು. ಹೇಳಲು ತೆಗೆದುಕೊಂಡದ್ದು ಎರಡು ನಿಮಿಷ. ಪಾಲಾಕ್ಷಪ್ಪ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ ಬಂದು, "ಊರಿಗೆ ಅನ್ನ ಹಾಕೋಕಿ ಅಂತ ನಂಬಿದ್ವಲ್ಲವ್ವ" ಎಂದಷ್ಟೇ ಅಂದರು. ಚಂದನಾ ಅದನ್ನೂ ಅನ್ನಲಿಲ್ಲ. ಮರಿಗಳಿಗೆ ಸೊಪ್ಪು ಹಾಕುತ್ತಿದ್ದವಳು ಹಾಗೆಯೇ ಎದ್ದು ಹೊರಟುಹೋದಳು.

ಹನ್ನೊಂದು ದಿನ ಅವಳು ಅಡುಗೆಕೋಣೆಯ ಮುಂದಿನ ದಾರಿ ಬಿಟ್ಟು ಹೊಲದ ಬದುವಿನ ಮೇಲೆ ಸುತ್ತಿ ಹೋಗುತ್ತಿದ್ದಳು. ಹನ್ನೆರಡನೇ ದಿನ ಬೆಳಿಗ್ಗೆ ನಾಗಲಿಂಗಮ್ಮ ಬೀಗ ತೆಗೆಯುವಾಗ ಕಟ್ಟೆಯ ಮೇಲೆ ಕುಳಿತಿದ್ದಳು.

"ಅಂದ್ರ ನನ್ನ ತಲಿ ಮಂಕಾಗಿಲ್ಲ," ಅಂದಳು.

"ಇಲ್ಲವ್ವ."

"ನಾನು ಕಲ್ತೇ ಇಲ್ಲ. ಅಷ್ಟ."

"ಅಷ್ಟ. ನಾ ಕಲಿಗೊಡಲಿಲ್ಲ."

"ಹನ್ನೊಂದು ದಿನ ಸಿಟ್ಟು ಇತ್ತು ನಾಗಕ್ಕ. ಈಗೂ ಐತಿ. ಆದ್ರ ತಲಿ ಕೆಟ್ಟೈತಿ ಅನ್ಕಂಡು ಎರಡು ವರ್ಷ ಅತ್ತೀನಲ್ಲ, ಅದಕ್ಕಿಂತ ಇದು ಚಲೋ."

ಗಂಗಾಧರ್ ಮೇಷ್ಟ್ರ ತರಗತಿಯ ಸುದ್ದಿ ತಂದದ್ದು ಅದೇ ಮೌನೇಶ್. ಕೊಟ್ಟೂರಿನ ಈ ಮೇಷ್ಟ್ರು, ಕಾಲೇಜಿನ ಬಾಗಿಲಲ್ಲಿ ಎಡವಿ ಹಿಂದಿರುಗಿದ ಮಕ್ಕಳಿಗೆ ಫೋನಿನಲ್ಲೇ ಪಾಠ ಹೇಳುತ್ತಾರೆ. ಬೆಳಿಗ್ಗೆ ಆರರಿಂದ ಏಳೂವರೆ. ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಕಡೆಯ ಮೂವತ್ತೊಂದು ಮಕ್ಕಳು ಪುಟ್ಟ ಪುಟ್ಟ ಚೌಕಗಳಲ್ಲಿ ಕಾಣಿಸಿಕೊಳ್ಳುತ್ತಾರೆ. ಒಬ್ಬನ ಹಿಂದೆ ಎಮ್ಮೆ, ಒಬ್ಬಳ ಹಿಂದೆ ಹಂಡೆಯ ಹೊಗೆ. ಮುಖ ಕಾಣಲೇಬೇಕು, ಅದು ಮೇಷ್ಟ್ರ ಮೊದಲ ಕಟ್ಟಳೆ. ಎರಡನೆಯದು ಇನ್ನೂ ವಿಚಿತ್ರ. ಪ್ರತಿಯೊಬ್ಬರೂ ದಿನಕ್ಕೆ ಒಂದು ಸಲವಾದರೂ "ಗೊತ್ತಿಲ್ಲ ಸರ್" ಅನ್ನಬೇಕು.

ಯಾಕೆ ಹೀಗೆ ಎಂದು ಕೇಳಿದರೆ ಮೇಷ್ಟ್ರು ಹೇಳುತ್ತಾರೆ: "ಕಾಲೇಜಿನಲ್ಲಿ ನೂರು ಮಂದಿಯ ನಡುವೆ ಕೂತಾಗ ಯಾರೂ ಇವರನ್ನ ಹುಡುಕಿಕೊಂಡು ಬಂದು ಹೇಳಿಕೊಡೋದಿಲ್ಲ. ನಾಳೆ ಲ್ಯಾಬಿನಲ್ಲಿ ಗೊತ್ತಿಲ್ಲದ್ದನ್ನ ಗೊತ್ತು ಅಂದರೆ ಇನ್ಯಾರದೋ ರಕ್ತದ ವರದಿ ತಪ್ಪಾಗುತ್ತೆ. ಸೂತ್ರಗಳನ್ನ ಪುಸ್ತಕವೂ ಕಲಿಸುತ್ತೆ. ಪರದೆ ಮುಂದೆ ಒಬ್ಬರೇ ಕೂತ ಮಕ್ಕಳಿಗೆ ನಾನು ಕಲಿಸಬೇಕಾದ್ದು ಕೇಳೋದನ್ನ."

ಮೊದಲ ತಿಂಗಳು ಚಂದನಾಳ ಬಾಯಿಂದ ಆ ಎರಡು ಪದ ಹೊರಡಲಿಲ್ಲ. ಪ್ರಶ್ನೆ ಬಂದ ಕೂಡಲೇ ಅವಳ ಕಣ್ಣು ಅಡುಗೆಕೋಣೆಯ ಕಡೆ ತಿರುಗುತ್ತಿತ್ತು. ಐದು ವರ್ಷದ ಹಿಂದೆ ಆ ಕಡೆಯಿಂದಲೇ ಅಲ್ಲವೇ ಎಲ್ಲವೂ ಹಸಿರಾಗುತ್ತಿದ್ದುದು. ನಾಗಲಿಂಗಮ್ಮ ಆಗ ಬಾಗಿಲಿಗೆ ಬೆನ್ನು ಹಾಕಿ ನಿಲ್ಲುವುದನ್ನು ರೂಢಿ ಮಾಡಿಕೊಂಡರು. ದಿನಾ ಕೇಳಿ ಕೇಳಿ ಅವರಿಗೂ ಶೇಕಡಾ, ಅನುಪಾತ ಬಂದುಬಿಟ್ಟಿವೆ. "ಬಾಯಿಗಿ ಬಂದಿರತೈತಿ ಉತ್ತರ. ನುಂಗ್ತೀನಿ" ಅನ್ನುತ್ತಾರೆ. ಕೊಟ್ರಬಸಮ್ಮ ಬಿಡುವುದಿಲ್ಲ: "ನುಂಗಿ ನುಂಗಿ ಹೊಟ್ಟಿ ಬಂದೈತಿ ನೋಡ್ರಿ ಈಕಿಗೆ. ನಾವು ತಿಳಕೊಂಡಿದ್ದು ಬಿಸಿಯೂಟದ್ದು ಅಂತ."

ಗಂಟೆ ಆರು ಹೊಡೆಯುತ್ತದೆ. ಇವತ್ತಿನ ಪರೀಕ್ಷೆ ಶುರುವಾಗುತ್ತದೆ. ನಾಗಲಿಂಗಮ್ಮ ಹಾಲಿನ ಪುಡಿಯನ್ನು ಪಾತ್ರೆಗೆ ಸುರಿದುಕೊಂಡು ಬಾಗಿಲಿಗೆ ಬೆನ್ನು ಹಾಕಿ ಕುಳಿತಿದ್ದಾರೆ. ಒಂದೊಂದೇ ಪ್ರಶ್ನೆ, ಒಂದೊಂದೇ ಉತ್ತರ. ಸರಿ. ಸರಿ. ತಪ್ಪು. ತಪ್ಪು. ಸರಿ. ನಡುವೆ ಮೇಷ್ಟ್ರ ದನಿ ಕಡಿದು ಕಡಿದು ಬರುತ್ತದೆ, ಮತ್ತೆ ಕೂಡಿಕೊಳ್ಳುತ್ತದೆ. ಸರಿ. ತಪ್ಪು. ಸರಿ. ತಪ್ಪು. ಒಂಬತ್ತಾಯಿತು, ಐದು ಸರಿ. ನಾಗಲಿಂಗಮ್ಮ ಬೆರಳು ಮಡಿಚಿ ಎಣಿಸಿದ್ದಾರೆ.

"ಕೊನೇದು ಚಂದನಾ," ಅನ್ನುತ್ತದೆ ಫೋನು. "ಒಂದು ಭಾಗ ಔಷಧಿಗೆ ನಾಲ್ಕು ಭಾಗ ನೀರು ಬೆರೆಸಬೇಕು. ಒಟ್ಟು ಐವತ್ತು ಮಿಲಿ ದ್ರಾವಣ ಬೇಕು ಅಂದರೆ ಔಷಧಿ ಎಷ್ಟು ತಗೋತೀಯ?"

ಪುಡಿಗೆ ನೀರು ಬೆರೆಸುತ್ತಲೇ ವರ್ಷಗಳನ್ನು ಕಳೆದ ಹೆಂಗಸಿಗೆ ಇದಕ್ಕಿಂತ ಸಲೀಸಾದ ಲೆಕ್ಕ ಭೂಮಿಯ ಮೇಲಿಲ್ಲ. ಒಮ್ಮೆ ತಿರುಗಿ ಎರಡೂ ಅಂಗೈ ಬಿಡಿಸಿ ತೋರಿಸಿದರೆ ಹತ್ತು ಬೆರಳು, ಹತ್ತು ಮಿಲಿ, ಮುಗಿಯಿತು. ಬೆನ್ನಿನ ಮೇಲೆ ಹುಡುಗಿಯ ನೋಟ ಬಿದ್ದದ್ದು ಅವರಿಗೆ ಗೊತ್ತಾಗುತ್ತದೆ. ಅವರು ಎರಡೂ ಕೈಗಳನ್ನು ಮಣಿಕಟ್ಟಿನವರೆಗೆ ಹಾಲಿನ ಪುಡಿಯೊಳಗೆ ಹುಗಿಯುತ್ತಾರೆ. ಕಣ್ಣು ಮುಚ್ಚುತ್ತಾರೆ.

"ಗೊತ್ತಾಗ್ಲಿಲ್ಲ ಸರ್," ಅನ್ನುತ್ತದೆ ಹಿಂದಿನಿಂದ ಒಂದು ದನಿ. ನಡುಗುತ್ತಿದೆ, ಆದರೆ ಜೋರಾಗಿದೆ. "ನಾಲ್ಕು ಭಾಗ ಅಂದ್ರ ಬರೀ ನೀರಾ, ಔಷಧಿ ಸೇರಿಸಿ ನಾಲ್ಕಾ?"

"ಬರೀ ನೀರು."

ಪೆನ್ನು ಕಾಗದದ ಮೇಲೆ ಸರಿಯುವ ಸದ್ದು. "ಹಂಗಾರ ಒಟ್ಟು ಐದು ಭಾಗ ಆತು ಸರ್. ಹತ್ತು ಮಿಲಿ."

"ಹತ್ತಕ್ಕೆ ಆರು," ಅನ್ನುತ್ತಾರೆ ಮೇಷ್ಟ್ರು. "ಹೆಸರು ಕಳಿಸ್ತೀನಿ. ಆ ನಾಲ್ಕು ತಪ್ಪನ್ನ ನಾಳೆ ಕೂತು ನೋಡೋಣ."

ಹುಡುಗಿ ಒಳಗೆ ಓಡಿ ಬರುವುದಿಲ್ಲ, ಕಾಲಿಗೆ ಬೀಳುವುದಿಲ್ಲ. ಅವರಿಬ್ಬರ ನಡುವೆ ಇನ್ನೂ ಅಷ್ಟು ಸಲಿಗೆ ಮರಳಿಲ್ಲ. ಬಾಗಿಲಲ್ಲಿ ನಿಂತು ಸೀಮೆಸುಣ್ಣದ ಚೂರು ಚಾಚುತ್ತಾಳೆ. "ನಾಗಕ್ಕ, ಗ್ವಾಡಿ ಮ್ಯಾಲ ನೀನ ಬರಿ. ಆರು ಅಂತ ಬರಿ. ತಿದ್ದಬ್ಯಾಡ ಮತ್ತ."

ನಾಗಲಿಂಗಮ್ಮ ಕೈ ತೊಳೆದು, ಅನ್ನ ಸಾಂಬಾರು ಎಂದು ಬರೆಯುವ ಜಾಗದ ಕೆಳಗೆ ಬರೆಯುತ್ತಾರೆ. ಚಂದನಾ, ಹತ್ತಕ್ಕೆ ಆರು. ಮುಖದಲ್ಲಿ ನಗು ಇಲ್ಲ.

"ಇದ ಗ್ವಾಡಿ ಮ್ಯಾಲ ಇಪ್ಪತ್ತೈದೂ ಉತ್ತರ ಬರದಿದ್ದೆ. ಅದನ್ನ ಅಳಿಸಿ ಈ ಆರು ಬರಿಯಾಕ ಐದು ವರ್ಷ ಬೇಕಾತು. ಆಕಿ ಗೆದ್ಲು, ನಂದು ಹಂಗ ಐತ್ರಿ," ಅನ್ನುತ್ತಾರೆ. ಹದಿನೇಳರಲ್ಲಿ ಒಂಬತ್ತು ಮನೆಗಳಿಗೆ ಹೋಗಿ ಹೇಳಿ ಬಂದಿದ್ದಾರೆ. ತೆಲಿಗಿಯಲ್ಲಿ ಒಬ್ಬಳ ಗಂಡನ ಮನೆಯ ಅಂಗಳದಲ್ಲಿ ನಿಂತು ಹೇಳಿದರು, ಮಾಗಳದ ಇಟ್ಟಿಗೆ ಭಟ್ಟಿಯಲ್ಲಿ ಒಬ್ಬನಿಗೆ ಹೇಳಿದರು. ಅವನು ನಕ್ಕುಬಿಟ್ಟನಂತೆ. ಆ ನಗು ಕಿವಿಯಿಂದ ಹೋಗಿಲ್ಲ. ಇನ್ನೆಂಟು ಮಂದಿ ಎಲ್ಲಿದ್ದಾರೋ, ಯಾರ ನಂಬರೂ ಹತ್ತುತ್ತಿಲ್ಲ. ಪತ್ರಿಕೆಯವರ ಮುಂದೆ ಕೂರಲು ಅವರು ಒಪ್ಪಿಕೊಂಡದ್ದೇ ಆ ಎಂಟು ಮಂದಿಗಾಗಿ.

ಕದಡಿ ಒಲೆಗಿಟ್ಟ ಹಾಲು ಉಕ್ಕಿ ಬರುತ್ತದೆ. ಉರಿ ತಗ್ಗಿಸಿ, ಸೌಟಿನಲ್ಲಿ ತಿರುವುತ್ತಾ, ತಿರುಗಿ ನೋಡದೆಯೇ ಅವರು ಹೇಳುತ್ತಾರೆ:

"ಆ ಎಂಟು ಮಂದಿಗಿ, ನಿಮ್ಮ ತಲಿ ಚಲೋ ಐತಿ ಅಂತ ಬರೀರಿ. ನಾಗಲಿಂಗಮ್ಮ ಕೆಡಿಸಿದ್ದು ಅಂತ ಬರೀರಿ. ಐದೂವರಿಗೆ ಬಾಗಲಾ ತಗದಿರತೈತಿ, ಕಟ್ಟಿ ಮ್ಯಾಲ ಜಾಗ ಐತಿ. ಚಾ ಮಾಡಿಕೊಡ್ತೀನಿ. ಫೋನು ಮಾತ್ರ ನಾ ಮುಟ್ಟಂಗಿಲ್ಲ."